ಮುರ್ಬಾಡಿನ ತರಗು, ಡೊಂಬಿವಲಿಯ ಕೆಂಡ

ದೀಪಾವಳಿ ಕಳೆದು ಎಂಟು ಹತ್ತು ದಿನವಾಗುವಷ್ಟರಲ್ಲಿ ಠಾಣೆ, ರಾಯಗಡ ಜಿಲ್ಲೆಗಳ ಕಾತಕರಿ ಆದಿವಾಸಿಗಳ ವಾಡಿಗಳು ಅರ್ಧ ಖಾಲಿಯಾಗುತ್ತವೆ. ಭತ್ತದ ಕೊಯ್ಲು ಮುಗಿದಿರುತ್ತದೆ, ಊರಲ್ಲಿ ಕೂಲಿ ಇರುವುದಿಲ್ಲ. ಮಳೆಗಾಲದ ಹಸಿವಿನ ದಿನಗಳಲ್ಲೇ ಮುಕದ್ದಮ, ಅಂದರೆ ಕೂಲಿಯಾಳು ಒಯ್ಯುವ ಗುತ್ತಿಗೆದಾರ, ಕೊಟ್ಟುಹೋದ ಮುಂಗಡವಿದೆ, ಇಲ್ಲಿಯವರ ಮಾತಿನಲ್ಲಿ ಅದು ‘ಬಯಾಣಾ’. ಅದನ್ನು ತೀರಿಸಲು ಗಂಡ, ಹೆಂಡತಿ, ಮಕ್ಕಳು, ಪಾತ್ರೆಪಗಡೆ, ಕೋಳಿ ಎಲ್ಲ ಸೇರಿ ಟೆಂಪೋ ಹತ್ತುತ್ತಾರೆ. ಕೆಲವರು ಕಲ್ಯಾಣ, ಭಿವಂಡಿ ಸುತ್ತಿನ ಇಟ್ಟಿಗೆ ಭಟ್ಟಿಗಳಿಗೆ ಹೋಗುತ್ತಾರೆ. ಇನ್ನು ಕೆಲವರು ಘಟ್ಟ ಹತ್ತಿ ಕರ್ನಾಟಕದ ಬಯಲುಸೀಮೆಯವರೆಗೂ ಹೋಗುತ್ತಾರೆ, ಜಾಲಿ ಕಡಿದು ಇದ್ದಿಲು ಸುಡುವುದಕ್ಕೆ.

ಇದ್ದಿಲು ಸುಡುವುದೆಂದರೆ ಹಗಲು ಮುಳ್ಳಿನ ಜೊತೆ, ರಾತ್ರಿ ಹೊಗೆಯ ಜೊತೆ ಬಾಳುವುದು. ಕಡಿದ ಕೊರಡುಗಳನ್ನು ಒತ್ತೊತ್ತಾಗಿ ಒಟ್ಟಿ, ಮೇಲೆ ಸೊಪ್ಪು ಹೊದಿಸಿ, ಅದರ ಮೇಲೆ ಮಣ್ಣು ಮೆತ್ತಿ ಬೆಂಕಿ ಇಡುತ್ತಾರೆ. ಮೊದಲು ದಟ್ಟ ಬಿಳಿ ಹೊಗೆ ಏಳುತ್ತದೆ, ಅದು ಕಟ್ಟಿಗೆಯೊಳಗಿನ ನೀರು. ಹೊಗೆ ತೆಳುವಾಗಿ ನೀಲಿಗೆ ತಿರುಗಿದಾಗ ಒಳಗೆ ಇದ್ದಿಲಾಯಿತೆಂದು ಲೆಕ್ಕ, ಆಗ ಎಲ್ಲ ಕಂಡಿಗಳನ್ನೂ ಮುಚ್ಚಬೇಕು. ನಡುರಾತ್ರಿ ಒಂದು ಕಡೆ ಮಣ್ಣು ಕುಸಿದು ಗಾಳಿ ಹೊಕ್ಕರೆ ಬೆಳಗಾಗುವಷ್ಟರಲ್ಲಿ ಉಳಿಯುವುದು ಬೂದಿ. ಹಾಗಾಗಿ ಒಬ್ಬರಾದರೂ ಎಚ್ಚರ ಇರಲೇಬೇಕು. ಇಷ್ಟೆಲ್ಲ ಮಾಡಿದರೂ ನೂರು ಕಿಲೋ ಕಟ್ಟಿಗೆಗೆ ಸಿಗುವುದು ಹತ್ತರಿಂದ ಇಪ್ಪತ್ತು ಕಿಲೋ ಇದ್ದಿಲು. ಉಳಿದದ್ದು ಹೊಗೆಯಾಗಿ ಕಾಡಿಗೆ, ಕೆಲಸದವರ ಎದೆಗೆ.

1976ರಲ್ಲೇ ಜೀತ ನಿಷೇಧ ಕಾಯ್ದೆ ಬಂದಿದೆ. ಠಾಣೆ ಜಿಲ್ಲೆಯಲ್ಲಿ ಅದನ್ನು ಕಾಗದದಿಂದ ಗದ್ದೆಗೆ ಇಳಿಸಲು ವಿವೇಕ ಪಂಡಿತ್ ಮತ್ತು ವಿದ್ಯುಲ್ಲತಾ ಪಂಡಿತ್ ದಂಪತಿ, ಅವರ ಶ್ರಮಜೀವಿ ಸಂಘಟನೆ ದಶಕಗಟ್ಟಲೆ ಹೋರಾಡಿದ್ದೂ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ಮುಂಗಡದ ಟೆಂಪೋ ನಿಂತಿಲ್ಲ. ಯಾಕೆ ಅಂದರೆ ನವೆಂಬರಿನಿಂದ ಮೇ ತನಕ ಊರಲ್ಲಿ ಮಾಡುವುದಕ್ಕೆ ಕೆಲಸವಿಲ್ಲ, ಅಷ್ಟೇ.

ಆ ಜಾಲಿಯ ಇದ್ದಿಲಿನಲ್ಲಿ ಒಂದು ಪಾಲು ತಿರುಗಿ ಮುಂಬಯಿ–ಠಾಣೆಯ ಪೇಟೆಗೇ ಬಂದರೆ ಅಚ್ಚರಿಪಡಬೇಕಾಗಿಲ್ಲ. ಠಾಣೆ, ಡೊಂಬಿವಲಿ, ನವಿ ಮುಂಬಯಿಯ ಹೋಟೆಲುಗಳಲ್ಲಿ ನಮ್ಮ ಉಡುಪಿ, ಮಂಗಳೂರು ಕಡೆಯವರ ಪಾಲು ದೊಡ್ಡದು. ಇಡ್ಲಿ ಸಾಂಬಾರಿನಿಂದ ಶುರುವಾದ ಎಷ್ಟೋ ಮಳಿಗೆಗಳು ಇಂದು ಬಾರ್ ಎಂಡ್ ರೆಸ್ಟೋರೆಂಟ್ ಆಗಿವೆ, ಹಿಂದಿನ ಅಡುಗೆಕೋಣೆಯಲ್ಲಿ ತಂದೂರು ಭಟ್ಟಿ ಇದೆ. ಕಾತಕರಿ ಕುಟುಂಬ ಕರ್ನಾಟಕಕ್ಕೆ ಹೋಗಿ ಸುಟ್ಟದ್ದು, ಕರ್ನಾಟಕದಿಂದ ಬಂದವರ ಹೋಟೆಲಿನಲ್ಲಿ ಕೆಂಡವಾಗುವ ಈ ವಿಚಿತ್ರ ಸುತ್ತಾಟವನ್ನು ಒಮ್ಮೆ ಯೋಚಿಸಿ ನೋಡಿದರೆ ಪ್ರಶ್ನೆ ತಾನಾಗಿ ಏಳುತ್ತದೆ. ಇದ್ದಿಲು ಸುಡುವ ವಿದ್ಯೆ ಇರುವವರು ಇಲ್ಲೇ ಇದ್ದಾರೆ, ಕೊಳ್ಳುವವರು ಮೂವತ್ತು ಕಿಲೋಮೀಟರ್ ಆಚೆ ಕಲ್ಯಾಣದಲ್ಲಿದ್ದಾರೆ. ನಡುವೆ ಮುರ್ಬಾಡ್ ತಾಲೂಕಿನಲ್ಲಿ ಮರ ಕಡಿಯದೆ ಇದ್ದಿಲು ಮಾಡಲು ಬರುವುದಿಲ್ಲವೆ?

ಬರುತ್ತದೆ ಎಂದು ತೋರಿಸಿಕೊಟ್ಟವರು ಪಕ್ಕದ ಪುಣೆಯವರು. ಸಸ್ಯವಿಜ್ಞಾನಿ ಆನಂದ ಕರ್ವೆ 1996ರಲ್ಲಿ ‘ಆರ್ತಿ’ ಎಂಬ ಗ್ರಾಮೀಣ ತಂತ್ರಜ್ಞಾನ ಸಂಸ್ಥೆ ಕಟ್ಟಿದರು. ‘ಯುಗಾಂತ’ದ ಇರಾವತಿ ಕರ್ವೆಯವರ ಮಗ ಎಂದರೆ ಕನ್ನಡದ ಓದುಗರಿಗೆ ಹತ್ತಿರವಾಗಬಹುದು. ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಎಕರೆಗೆ ನಾಲ್ಕು ಟನ್ನಿನಷ್ಟು ರವದಿ ಬಿದ್ದಿರುತ್ತದೆ. ದನ ಮುಟ್ಟುವುದಿಲ್ಲ, ಬೇಗ ಕೊಳೆಯುವುದಿಲ್ಲ, ರೈತ ಕಡ್ಡಿ ಗೀರುತ್ತಾನೆ. ಆ ರವದಿಯನ್ನೇ ಇದ್ದಿಲು ಮಾಡಿ ಉಂಡೆ ಕಟ್ಟುವ ವಿಧಾನವನ್ನು ಆರ್ತಿ ರೂಪಿಸಿತು. ಆನಂದರ ಮಗಳು ಪ್ರಿಯದರ್ಶಿನಿ ಕರ್ವೆ ಆ ಕೆಲಸದಲ್ಲಿ ಮುಂದಾಳಾಗಿದ್ದರು. 2002ರಲ್ಲಿ ಲಂಡನ್ನಿನ ಆಶ್ಡೆನ್ ಪ್ರಶಸ್ತಿ ಇದಕ್ಕೆ ಬಂತು. ಜೊತೆಗೆ ‘ಸರಾಯ್’ ಎಂಬ ಹಬೆಯ ಕುಕ್ಕರನ್ನೂ ಆರ್ತಿ ತಂದಿತು. ಅದರ ಕೆಳಗೆ ನೂರು ಗ್ರಾಮಿನಷ್ಟು ಉಂಡೆ ಇದ್ದಿಲು ಹಾಕಿದರೆ ನಾಲ್ಕೈದು ಜನರ ಅನ್ನ, ಬೇಳೆ, ಪಲ್ಯ ಬೇಯುತ್ತದೆ.

ಆರ್ತಿಯ ಭಟ್ಟಿಯಲ್ಲಿ ಹೊಸತೆಂದರೆ ಹೊಗೆಯನ್ನು ಬಿಟ್ಟುಕೊಡದೆ ದುಡಿಸಿಕೊಂಡದ್ದು. ಒಣ ರವದಿಯನ್ನು ಡ್ರಮ್ಮುಗಳಲ್ಲಿ ಗಿಡಿದು, ತೂತಿನ ಮುಚ್ಚಳ ಹಾಕಿ, ದೊಡ್ಡ ತಗಡಿನ ಗೂಡಿನೊಳಗೆ ಇಡುತ್ತಾರೆ. ಕೆಳಗೆ ಸ್ವಲ್ಪ ರವದಿಯ ಬೆಂಕಿ. ಡ್ರಮ್ಮಿನೊಳಗೆ ಗಾಳಿ ಇಲ್ಲ, ಆದ್ದರಿಂದ ರವದಿ ಉರಿಯುವುದಿಲ್ಲ, ಬರೀ ಕಾಯುತ್ತದೆ. ಮೊದಲು ನೀರು ಹೋಗುತ್ತದೆ. 280 ಡಿಗ್ರಿಯ ಹೊತ್ತಿಗೆ ಒಳಗಿನ ಪದಾರ್ಥವೇ ಮುರಿದು ಅನಿಲ ಬಿಡತೊಡಗುತ್ತದೆ. ತೂತಿನಿಂದ ಹೊರಬಂದ ಆ ಅನಿಲ ಗೂಡಿನಲ್ಲೇ ಹೊತ್ತಿಕೊಂಡು ಡ್ರಮ್ಮುಗಳನ್ನು ಇನ್ನಷ್ಟು ಕಾಯಿಸುತ್ತದೆ. ಮಣ್ಣಿನ ಗುಡ್ಡೆಯಲ್ಲಿ ಕಣ್ಣಿಗೆ ಉರಿ ಕೊಟ್ಟು ಹೋಗುತ್ತಿದ್ದ ಹೊಗೆ ಇಲ್ಲಿ ಸೌದೆಯ ಕೆಲಸ ಮಾಡುತ್ತದೆ. ಇಳುವರಿ ನೂರಕ್ಕೆ ಇಪ್ಪತ್ತೈದರ ಆಸುಪಾಸಿಗೆ ಏರುತ್ತದೆ, ರಾತ್ರಿ ಕಾವಲೂ ತಪ್ಪುತ್ತದೆ.

ಮುರ್ಬಾಡ್, ಶಹಾಪುರಗಳು ಕಬ್ಬಿನ ನಾಡಲ್ಲ, ಭತ್ತದ ನಾಡು. ಅಲ್ಲಿ ಏನನ್ನು ಸುಡುವುದು? ಪೇಟೆಯವರ ಕಣ್ಣಿಗೆ ಹಳ್ಳಿಯಲ್ಲಿ ಬಿದ್ದದ್ದೆಲ್ಲ ಕಸ. ಹಳ್ಳಿಯವನಿಗೆ ಹಾಗಲ್ಲ. ಕೊಂಕಣದ ಈ ಭಾಗದಲ್ಲಿ ‘ರಾಬ್’ ಎಂಬ ಹಳೆಯ ಪದ್ಧತಿ ಇದೆ. ಮಳೆಗೆ ಮುಂಚೆ ಭತ್ತದ ಸಸಿಮಡಿಯ ಮೇಲೆ ಸಗಣಿ, ಒಣ ಎಲೆ, ಕಡಿದ ರೆಂಬೆ, ಹುಲ್ಲು ಪದರಪದರವಾಗಿ ಹಾಸಿ ಸುಡುತ್ತಾರೆ. ಕಳೆಯ ಬೀಜ ಸಾಯುತ್ತದೆ, ಮಣ್ಣಿಗೆ ಬೂದಿ ಸೇರುತ್ತದೆ, ಸಸಿ ಗಟ್ಟಿಯಾಗಿ ಏಳುತ್ತದೆ ಎಂಬುದು ರೈತರ ನಂಬಿಕೆ. ಬ್ರಿಟಿಷರ ಕಾಲದ ಅರಣ್ಯ ಅಧಿಕಾರಿಗಳಿಗೂ ಇಲ್ಲಿಯ ರೈತರಿಗೂ ಈ ರಾಬಿನ ಸೊಪ್ಪಿನ ಸಲುವಾಗಿಯೇ ದೊಡ್ಡ ತಕರಾರು ನಡೆದಿದೆ. ಭತ್ತದ ಹುಲ್ಲು ದನಕ್ಕೆ ಬೇಕು. ಹಾಗಾಗಿ ‘ಉಚಿತ ಕಚ್ಚಾಮಾಲು’ ಎಂದು ಯೋಜನಾ ವರದಿಯಲ್ಲಿ ಬರೆಯುವವರು ಮೊದಲು ಏಪ್ರಿಲ್ ತಿಂಗಳಲ್ಲಿ ಒಂದು ಸುತ್ತು ಮುರ್ಬಾಡಿಗೆ ಹೋಗಿಬರುವುದು ಒಳ್ಳೆಯದು.

ನಿಜವಾಗಿ ಯಾರಿಗೂ ಬೇಡದ್ದು ಬೇರೆಯೇ ಇದೆ. ಲಂಟಾನದಂಥ ಕಳೆಪೊದೆಗಳು, ರಸ್ತೆ ಬದಿಯ ಮರ ಸವರಿದ ಟೊಂಗೆ, ಮರಗೆಲಸದ ಚೂರು, ದೇವಸ್ಥಾನಗಳ ತೆಂಗಿನ ಚಿಪ್ಪು. ಭತ್ತದ ಹೊಟ್ಟು ಅಕ್ಕಿ ಗಿರಣಿಯಲ್ಲಿ ರಾಶಿ ಇರುತ್ತದೆ, ಆದರೆ ಅದರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಬೂದಿ, ಬಹುಪಾಲು ಸಿಲಿಕಾ. ಇದ್ದಿಲು ಮಾಡಿದರೆ ಉರಿಯುವ ಭಾಗ ಕಡಿಮೆಯಾಗಿ ಬೂದಿಯ ಪಾಲು ಅರ್ಧದ ಹತ್ತಿರ ಬರುತ್ತದೆ. ಆ ಉಂಡೆ ಕೆಂಪಗಾಗುತ್ತದೆಯೇ ಹೊರತು ಹೆಚ್ಚು ಕಾವು ಕೊಡುವುದಿಲ್ಲ. ತೆಂಗಿನ ಚಿಪ್ಪಿನಲ್ಲಿ ಬೂದಿ ನೂರಕ್ಕೆ ಒಂದರ ಆಜುಬಾಜು. ತಿಪಟೂರು ಕಡೆ ಚಿಪ್ಪನ್ನು ಯಾರೂ ಎಸೆಯುವುದಿಲ್ಲ ಎಂಬುದಕ್ಕೆ ಅದೂ ಒಂದು ಕಾರಣ. ಇನ್ನು ನವಿ ಮುಂಬಯಿಯ ಪ್ರತಿ ಸಿಗ್ನಲ್ಲಿನ ಬಳಿ ಗುಡ್ಡೆ ಬಿದ್ದಿರುವ ಎಳನೀರಿನ ಬುರುಡೆ. ನೋಡಿದವರಿಗೆ ಆಸೆ ಹುಟ್ಟುತ್ತದೆ. ಆದರೆ ಹಸಿ ಬುರುಡೆಯ ಬಹುಪಾಲು ತೂಕ ನೀರೇ. ಅದನ್ನು ಸೀಳಿ, ವಾರಗಟ್ಟಲೆ ಒಣಗಿಸದೆ ಭಟ್ಟಿಗೆ ಹಾಕಿದರೆ ಇದ್ದಿಲಿಗಿಂತ ಹೆಚ್ಚು ಹಬೆ ಸಿಗುತ್ತದೆ.

ಈಗ ಯಂತ್ರದ ವಿಷಯ. ಇಲ್ಲೊಂದು ಗೊಂದಲ ಬಿಡಿಸಬೇಕು. ಭಿವಂಡಿಯ ಬಟ್ಟೆ ಸಂಸ್ಕರಣೆಯಂಥ ಉದ್ಯಮಗಳ ಬಾಯ್ಲರಿಗೆ ‘ವೈಟ್ ಕೋಲ್’ ಅನ್ನುವ ದಪ್ಪ ಕಂದು ತುಂಡುಗಳು ಬರುತ್ತವಲ್ಲ, ಅದು ಇದ್ದಿಲಲ್ಲ. ಅದು ಸುಡದ ಹೊಟ್ಟು, ಮರದ ಪುಡಿ. ಭಾರೀ ಪಿಸ್ಟನ್ನು ಅದನ್ನು ಗುದ್ದಿ ಗುದ್ದಿ ಒತ್ತಿದಾಗ ಬಿಸಿಗೆ ಅದರೊಳಗಿನ ಲಿಗ್ನಿನ್ ಮೆತ್ತಗಾಗಿ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಇದ್ದಿಲಿನಲ್ಲಿ ಲಿಗ್ನಿನ್ ಭಟ್ಟಿಯ ಕಾವಿಗೇ ಒಡೆದುಹೋಗಿರುತ್ತದೆ. ಎಷ್ಟು ದೊಡ್ಡ ಯಂತ್ರ ತಂದು ಎಷ್ಟು ಬಲವಾಗಿ ಒತ್ತಿದರೂ ಒಣ ಇದ್ದಿಲ ಪುಡಿ ಪುಡಿಯಾಗಿಯೇ ಉದುರುತ್ತದೆ. ಹೊರಗಿನಿಂದ ಅಂಟು ಬೇಕು. ವೈಟ್ ಕೋಲಿನ ಪಿಸ್ಟನ್ ಪ್ರೆಸ್ಸಿಗೆ ಲಕ್ಷಗಟ್ಟಲೆ ಸುರಿದು ಆಮೇಲೆ ‘ಇದರಲ್ಲಿ ಇದ್ದಿಲೂ ಒತ್ತಬಹುದೆ’ ಎಂದು ಕೇಳುವುದು ತಿರುವುಮುರುವು ಕೆಲಸ.

ಅಂಟೆಂದರೆ ಮೈದಾ ಅಥವಾ ಮರಗೆಣಸಿನ ಪಿಷ್ಟದ ಗಂಜಿ. ತೂಕದಲ್ಲಿ ನೂರಕ್ಕೆ ಐದರಿಂದ ಎಂಟು. ಇದೇ ಅತಿ ದುಬಾರಿ ಸಾಮಗ್ರಿ, ಆದ್ದರಿಂದ ಎಲ್ಲರ ಕೈಯೂ ಮೊದಲು ಇಲ್ಲಿಯೇ ಬಿಗಿಯಾಗುತ್ತದೆ. ಸಗಣಿ ಹಾಕಿದರೆ ಅಗ್ಗ, ಆದರೆ ಬೂದಿ ಹೆಚ್ಚು. ಜೇಡಿಮಣ್ಣು ಇನ್ನೂ ಅಗ್ಗ, ಇನ್ನೂ ಬೂದಿ. ಕಾಕಂಬಿ ಹಾಕಿದರೆ ಹೊತ್ತಿಸಿದಾಗ ಹೊಗೆ. ಪಿಷ್ಟವನ್ನು ತಣ್ಣೀರಿನಲ್ಲಿ ಕದಡಿ ಸುರಿದರೆ ಪ್ರಯೋಜನವಿಲ್ಲ, ಕುದಿಸಿ ಗಂಜಿ ಗಾಜಿನಂತೆ ಪಾರಕವಾದ ಮೇಲೆ ಬೆರೆಸಬೇಕು. ಹದ ನೋಡುವ ಕೆಲಸಕ್ಕೆ ಮೀಟರು ಬೇಡ. ಒಂದು ಮುಷ್ಟಿ ಹಿಂಡಿದಾಗ ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. ಅಂಗೈ ಬಿಡಿಸಿದಾಗ ಉಂಡೆ ಬಿರಿಯಬಾರದು, ಬೆರಳಚ್ಚು ಮೂಡಿರಬೇಕು. ಒಣಗಿದ ಮೇಲೆ ಸೊಂಟದೆತ್ತರದಿಂದ ಸಿಮೆಂಟಿನ ನೆಲಕ್ಕೆ ಬಿಟ್ಟರೆ ಎರಡಾಗಬಹುದು, ಪುಡಿಯಾಗಬಾರದು.

ಕೈಯಿಂದ ಕಟ್ಟಿದರೆ ದಿನಕ್ಕೆ ಹತ್ತಿಪ್ಪತ್ತು ಕಿಲೋ ಆಗುವ ಕೆಲಸ ಇದು. ಅದರಲ್ಲಿ ಕೂಲಿ ಹುಟ್ಟುವುದಿಲ್ಲ. ಯಂತ್ರ ಬೇಕಾಗುವುದು ಇಲ್ಲಿ. ಮೂರು ಯಂತ್ರ ಸಾಕು. ಇದ್ದಿಲು ಅರೆಯುವ ಹ್ಯಾಮರ್ ಮಿಲ್, ಗಂಜಿ ಬೆರೆಸಿ ನಾದುವ ಮಿಕ್ಸರ್, ಆಮೇಲೆ ಸ್ಕ್ರೂ ಪ್ರೆಸ್. ಸ್ಕ್ರೂ ಪ್ರೆಸ್ಸಿನ ಬಾಯಿಂದ ಕಪ್ಪು ಕೋಲು ಚಕ್ಕುಲಿ ಒರಳಿನ ಹಿಟ್ಟಿನ ಹಾಗೆ ಇಳಿಯುತ್ತದೆ, ಒಬ್ಬರು ನಿಂತು ಬೆರಳುದ್ದಕ್ಕೆ ಕತ್ತರಿಸಿ ತಟ್ಟೆಗೆ ಹಾಕಬೇಕು. ಐದರಿಂದ ಹತ್ತು ಅಶ್ವಶಕ್ತಿಯ ಮೋಟರು. ಅದಕ್ಕೆ ತ್ರೀ ಫೇಸ್ ಬೇಕು, ಅದು ಹಳ್ಳಿಗೆ ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಎಂಬುದು ಯಂತ್ರದ ಕ್ಯಾಟಲಾಗಿನಲ್ಲಿ ಬರೆದಿರುವುದಿಲ್ಲ. ಅರೆಯುವ ಯಂತ್ರಕ್ಕೆ ಮುಚ್ಚಿದ ಗೂಡು, ಧೂಳು ಹಿಡಿಯುವ ಚೀಲ ಇರಲೇಬೇಕು. ಗಾಳಿಯಲ್ಲಿ ದಟ್ಟವಾಗಿ ತೇಲುವ ಇದ್ದಿಲ ಧೂಳಿಗೆ ಒಂದು ಕಿಡಿ ಸಾಕು, ಸ್ಫೋಟವಾದೀತು. ಶ್ವಾಸಕೋಶದ ಮಾತಂತೂ ಹೇಳುವುದೇ ಬೇಡ. ಹೊಗೆಯಿಂದ ಬಿಡಿಸಿದ ಜನರನ್ನು ಧೂಳಿಗೆ ಒಪ್ಪಿಸುವುದಾದರೆ ಯಾಂತ್ರೀಕರಣ ಯಾತಕ್ಕೆ?

ಎಲ್ಲಕ್ಕಿಂತ ಬೇಗ ಸವೆಯುವುದು ಸ್ಕ್ರೂವಿನ ತುದಿ. ಬೂದಿಯ ಸಿಲಿಕಾ, ತರಗಿನ ಜೊತೆ ಬಂದ ಮರಳು ಉಕ್ಕನ್ನು ಉಜ್ಜಿ ತೆಗೆಯುತ್ತವೆ. ಮೇಲೆ ಗಟ್ಟಿ ಲೋಹದ ವೆಲ್ಡಿಂಗ್ ಹಾಕಿಸಿ ಮತ್ತೆ ಕೂರಿಸಬೇಕಾಗುತ್ತದೆ. ಈ ಒಂದು ವಿಚಾರದಲ್ಲಿ ಠಾಣೆ ಜಿಲ್ಲೆ ಪುಣ್ಯವಂತ. ಮುರ್ಬಾಡಿನಲ್ಲೇ ಎಂಐಡಿಸಿ ಕೈಗಾರಿಕಾ ಪ್ರದೇಶ ಇದೆ, ಅಂಬರನಾಥ, ಡೊಂಬಿವಲಿಗಳಲ್ಲಿ ಲೇತು, ವೆಲ್ಡಿಂಗು ಬಲ್ಲ ವರ್ಕ್‌ಶಾಪುಗಳಿಗೆ ಬರವಿಲ್ಲ. ಬೇರೆ ರಾಜ್ಯದ ಕಂಪನಿಯ ಮೆಕ್ಯಾನಿಕ್ ಬರುವತನಕ ಕಾಯುತ್ತ ಕೂರಬೇಕಿಲ್ಲ.

ಆದರೂ ಒತ್ತುವುದು ಈ ಕೆಲಸದ ಕಷ್ಟದ ಭಾಗವಲ್ಲ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಹಾಕಿ ನೋಡಿ. ದಿನಕ್ಕೆ 200 ಕಿಲೋ ಉಂಡೆ ಬೇಕೆಂದರೆ ಸುಮಾರು 190 ಕಿಲೋ ಇದ್ದಿಲ ಪುಡಿ ಬೇಕು. ನೂರಕ್ಕೆ ಇಪ್ಪತ್ತೈದರ ಇಳುವರಿಯಲ್ಲಿ ಅದಕ್ಕೆ ಮುಕ್ಕಾಲು ಟನ್ ಒಣ ತರಗು. ಬಿಡಿ ತರಗು ತೂಕಕ್ಕಿಂತ ಜಾಗವೇ ಹೆಚ್ಚು ತಿನ್ನುವ ವಸ್ತು. ದಿನಕ್ಕೆ ಎರಡು ಮೂರು ಟ್ರ್ಯಾಕ್ಟರ್ ಟ್ರೇಲರ್ ಆದೀತು, 150 ದಿನದ ಋತುವಿಗೆ ನೂರು ಟನ್ನಿನ ಮೇಲೆ. ಅಷ್ಟನ್ನೂ ಒಂದೇ ಕಡೆ ತಂದು ಸುಡಲು ಹೊರಟರೆ ಡೀಸೆಲಿಗೇ ಲಾಭ ಹೋಯಿತು. ಹಾಗಾಗಿ ಭಟ್ಟಿ ಹೊತ್ತೊಯ್ಯುವಂತಿರಬೇಕು, ಪೊದೆ ಇರುವಲ್ಲಿಗೆ ಅದೇ ಹೋಗಬೇಕು. ನಾಲ್ಕೈದು ವಾಡಿಗಳಲ್ಲಿ ಮನೆಮನೆಯವರು ಸುಟ್ಟು, ನಾಲ್ಕನೇ ಒಂದು ಪಾಲಿಗೆ ಇಳಿದ ಇದ್ದಿಲನ್ನು ಮಾತ್ರ ಚೀಲದಲ್ಲಿ ತೂಗಿ ಯಂತ್ರದ ಮನೆಗೆ ಕೊಡುವುದು. ಅದೂ ಒಂದು ದಿನ ಪೂರ್ತಿ ಬಯಲಲ್ಲಿ ಆರಿಸಿ. ಹೊಸ ಇದ್ದಿಲು ತಣ್ಣಗಿದೆ ಎಂದು ನಂಬಿ ಚೀಲ ಕಟ್ಟಿದರೆ ಒಳಗೊಳಗೇ ಕಾದು ಹೊತ್ತಿಕೊಳ್ಳುವುದುಂಟು.

ಇನ್ನೊಂದು ಕಷ್ಟ ಒಣಗಿಸುವುದು. 200 ಕಿಲೋ ಉಂಡೆಯಿಂದ ದಿನವೂ ಅರವತ್ತು ಎಪ್ಪತ್ತು ಲೀಟರ್ ನೀರು ಹೊರಹೋಗಬೇಕು. ಜಿಲ್ಲೆಗೆ ಬೀಳುವ ಮಳೆ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು, ಹೆಚ್ಚುಕಡಿಮೆ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಉಂಡೆ ಒಣಗುವುದಿರಲಿ, ಒಣಗಿದ್ದೂ ತೇವ ಹಿಡಿಯುತ್ತದೆ. ಉಳಿಯುವುದು ನವೆಂಬರಿನಿಂದ ಮೇ. ಅಂದರೆ ಕಾತಕರಿ ಕುಟುಂಬಗಳು ಊರು ಬಿಟ್ಟಿರುವ ಅದೇ ಏಳು ತಿಂಗಳು. ಡ್ರೈಯರ್ ಕೂರಿಸಿ ವರ್ಷವಿಡೀ ಕಾರ್ಖಾನೆ ನಡೆಸಬೇಕೆಂದು ಹೇಳುವವರಿದ್ದಾರೆ. ನನಗೆ ಅದು ಬೇಡವೆನಿಸುತ್ತದೆ. ಮಳೆಗಾಲದಲ್ಲಿ ಇವರಿಗೆ ಗದ್ದೆಯ ಕೆಲಸ ಇದೆ, ಹೊಳೆಯ ಮೀನು, ಕಾಡಿನ ಸೊಪ್ಪು ಗೆಡ್ಡೆ ಇವೆ. ಕೆಲಸ ಇಲ್ಲದಿರುವುದು ಬಿಸಿಲಿನ ದಿನಗಳಲ್ಲಿ, ಇದ್ದಿಲಿಗೆ ಬೇಕಾದದ್ದೂ ಅದೇ ಬಿಸಿಲು. ಯಂತ್ರವನ್ನು ಈ ಪಂಚಾಂಗಕ್ಕೆ ಹೊಂದಿಸಿ ಕೊಂಡರೆ ಸಣ್ಣದು ಸಾಕು. ವರ್ಷವಿಡೀ ಓಡಿಸುವ ಹಟಕ್ಕೆ ಬಿದ್ದರೆ ಸಾಲ ದೊಡ್ಡದಾಗುತ್ತದೆ.

ಸಾಲದ ವಿಷಯದಲ್ಲಿ ಸರ್ಕಾರದ ಯೋಜನೆಗಳೂ ದೊಡ್ಡದರ ಕಡೆಗೇ ನೂಕುತ್ತವೆ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ ಉತ್ಪಾದನಾ ಘಟಕಕ್ಕೆ 50 ಲಕ್ಷದವರೆಗೆ ಅವಕಾಶವಿದೆ. ಹಳ್ಳಿಯಲ್ಲಿ ಹಾಕಿದರೆ ಸಾಮಾನ್ಯರಿಗೆ ನೂರಕ್ಕೆ 25, ಪರಿಶಿಷ್ಟರು, ಮಹಿಳೆಯರು ಮೊದಲಾದವರಿಗೆ ನೂರಕ್ಕೆ 35 ಸಬ್ಸಿಡಿ. ಸಬ್ಸಿಡಿ ಶೇಕಡಾವಾರು ಆದಾಗ ಯಂತ್ರ ಮಾರುವವನಿಗೆ ದೊಡ್ಡ ಕೊಟೇಶನ್ನಿನ ಮೇಲೆ ಪ್ರೀತಿ. ಯೂಟ್ಯೂಬಿನಲ್ಲಿ ಗಂಟೆಗೆ ಟನ್ನುಗಟ್ಟಲೆ ಉಗುಳುವ ಯಂತ್ರ ನೋಡಿ ಬಂದವರಿಗೆ ಆ ಟನ್ನಿಗೆ ಬೇಕಾದ ತರಗು ಯಾರು ಗುಡಿಸಿ ತರುತ್ತಾರೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ.

ಕಾನೂನಿನದು ಇನ್ನೊಂದು ಮುಳ್ಳು. 1927ರ ಭಾರತೀಯ ಅರಣ್ಯ ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲಿ ‘ಅರಣ್ಯ ಉತ್ಪನ್ನ’ ಯಾವುದೆಂಬ ಪಟ್ಟಿ ಇದೆ. ಅದರಲ್ಲಿ ಕೆಲವು ವಸ್ತುಗಳು ಕಾಡಿನಿಂದ ಬಂದಿದ್ದರೂ ಸರಿ, ಬಾರದಿದ್ದರೂ ಸರಿ, ಅರಣ್ಯ ಉತ್ಪನ್ನವೇ. ಮೊದಲ ಸಾಲಿನಲ್ಲೇ ಮೋಪು, ಅದರ ಬೆನ್ನಿಗೆ ಇದ್ದಿಲು. ಸ್ವಲ್ಪ ಮುಂದೆ ಹೋದರೆ ಕಾಚು. ಖೈರದ ತಿರುಳು ಕುದಿಸಿ ಕಾಚು ತೆಗೆಯುವುದೇ ಕಾತಕರಿಗಳ ಮೂಲ ಕಸುಬು. ಕಾಡಿಗೆ ಬೇಲಿ ಬಿದ್ದು ಅದು ಕೈತಪ್ಪಿದ ಮೇಲೆ ಅನೇಕರು ಇದ್ದಿಲಿಗೆ ತಿರುಗಿದರು. ಅವರ ಎರಡು ಕಸುಬೂ ಒಂದೇ ಸಾಲಿನಲ್ಲಿ ಕಾನೂನಿನೊಳಗೆ ಸಿಕ್ಕಿಬಿದ್ದಿವೆ. ಸಾಗಣೆಗೆ ಪಾಸು ಬೇಕೆಂಬ ನಿಯಮ ಮಾಡುವ ಅಧಿಕಾರ ರಾಜ್ಯಗಳಿಗೆ ಇದೆ. ತೆಂಗಿನ ಚಿಪ್ಪಿನದೋ ಲಂಟಾನದ್ದೋ ಎಂದು ನಾಕಾದಲ್ಲಿ ನಿಂತವನು ಚೀಲ ಬಿಚ್ಚಿ ಹೇಗೆ ಗುರುತಿಸಬೇಕು? ಕಪ್ಪಗಿರುವುದೆಲ್ಲ ಅವನಿಗೆ ಇದ್ದಿಲೇ. ಘಟಕ ಹಾಕುವ ಮೊದಲೇ ಅರಣ್ಯ ಇಲಾಖೆಯಿಂದ ಬರಹದಲ್ಲಿ ಒಪ್ಪಿಗೆ ಪಡೆಯದಿದ್ದರೆ ಮೊದಲ ಟೆಂಪೋ ಕಲ್ಯಾಣ ಮುಟ್ಟುವ ಮುಂಚೆಯೇ ನಿಲ್ಲಬಹುದು.

ಕಲ್ಯಾಣ ಮುಟ್ಟಿದರೂ ಪೇಟೆ ಮೊದಲಿನಂತಿಲ್ಲ. ಗಾಳಿಯ ಮಾಲಿನ್ಯದ ಬಗ್ಗೆ ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಮುಂಬಯಿಯ ಕಟ್ಟಿಗೆ, ಕಲ್ಲಿದ್ದಲಿನ ಬೇಕರಿ ಭಟ್ಟಿಗಳಿಗೆ ಆರು ತಿಂಗಳ ಗಡುವು ಹಾಕಿತು. ಪಾಲಿಕೆ ಅದನ್ನು ಜುಲೈ 8 ಎಂದು ನಿಗದಿ ಮಾಡಿ ತಂದೂರಿನ ಹೋಟೆಲುಗಳಿಗೂ ನೋಟಿಸು ಕೊಟ್ಟಿತು. ಗ್ಯಾಸಿಗೋ ವಿದ್ಯುತ್ತಿಗೋ ಹೋಗಿ ಎಂಬುದೇ ಅದರ ಸಾರ. ಅದು ಮುಂಬಯಿ ನಗರದ ಮಾತು, ನಿಜ. ಆದರೆ ಮುಲುಂಡ್ ನಾಕಾದ ಆಚೆಗೂ ಈಚೆಗೂ ಗಾಳಿ ಒಂದೇ. ಠಾಣೆಯ ತಂದೂರನ್ನು ನಂಬಿ ಹತ್ತು ವರ್ಷದ ಯೋಜನೆ ಬರೆಯುವುದು ಈಗ ಜಾಣತನವಲ್ಲ. ರೈತರ ತರಗಿನಿಂದ ಮಾಡಿದ್ದು, ಮರ ಕಡಿದಿಲ್ಲ ಎಂದು ವಾದಿಸಬಹುದು. ಉರಿಯುವಾಗ ಅದೂ ಇದ್ದಿಲೇ, ಮುಚ್ಚಿದ ಕೋಣೆಯಲ್ಲಿ ಅದೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ.

ಸಣ್ಣ ಗಿರಾಕಿಗಳು ಮಾತ್ರ ಇನ್ನೂ ಇದ್ದಾರೆ. ಡೊಂಬಿವಲಿಯ ಸೊಸೈಟಿಗಳ ಗೇಟಿನ ಬದಿಯಲ್ಲಿ ಕೆಂಡದ ಪೆಟ್ಟಿಗೆ ಹಿಡಿದ ಇಸ್ತ್ರಿಯವರು, ಮಳೆಗಾಲದಲ್ಲಿ ಯೇವೂರು ಗುಡ್ಡದ ದಾರಿಯಲ್ಲಿ ಶಿಗಡಿ ಒಲೆಗೆ ಗಾಳಿ ಬೀಸುತ್ತ ಜೋಳದ ತೆನೆ ಸುಡುವವರು, ಧೂಪಕ್ಕೆ ಕೊಳ್ಳುವವರು, ಬಾಲ್ಕನಿಯಲ್ಲಿ ಬಾರ್ಬೆಕ್ಯೂ ಮಾಡುವ ನವಿ ಮುಂಬಯಿಯ ಹೊಸ ಹುಡುಗರು. ಇಸ್ತ್ರಿಯವನಿಗೆ ಬೇಕಾದದ್ದು ಕಿಡಿ ಸಿಡಿಸದ, ಬಿಳಿ ಅಂಗಿಯ ಮೇಲೆ ಬೂದಿ ಹಾರಿಸದ, ನಿಧಾನ ಉರಿಯುವ ಕೆಂಡ. ಅಷ್ಟು ಗುಣ ಒಳ್ಳೆಯ ಉಂಡೆಗೆ ಇದೆ, ಕಚ್ಚಾಮಾಲು ಸರಿಯಿದ್ದರೆ. ತೆನೆ ಸುಡುವವನಿಗೆ ಬೇಗ ಹೊತ್ತಬೇಕು, ಉಂಡೆ ಅದರಲ್ಲಿ ಹಿಂದೆ. ಅವನಿಗೆ ಜೂನ್ ತಿಂಗಳಲ್ಲಿ ಕೊಡಬೇಕೆಂದರೆ ಮೇ ತಿಂಗಳಲ್ಲೇ ಪ್ಲಾಸ್ಟಿಕ್ ಒಳಚೀಲದಲ್ಲಿ ಕಟ್ಟಿಟ್ಟಿರಬೇಕು, ಅದಕ್ಕೆ ಸೋರದ ಗೋದಾಮು ಬೇಕು.

ಮಾರುವುದನ್ನು ಕಲಿಯಲು ದೂರ ಹೋಗಬೇಕಿಲ್ಲ. ಮುಂಬಯಿಗೆ ತಾನ್ಸಾ, ಭಾತ್ಸಾಗಳ ನೀರು ಕೊಡುವ ಶಹಾಪುರದಲ್ಲೇ ಕಾತಕರಿ ಯುವಕರ ಒಂದು ಗುಂಪು ಕಾಡಿನ ಅಮೃತಬಳ್ಳಿಯನ್ನು ಒಣಗಿಸಿ, ಪುಡಿ ಮಾಡಿ, ಸರ್ಕಾರದ ವನಧನ ಯೋಜನೆಯ ಕೇಂದ್ರದ ಮೂಲಕ ದೊಡ್ಡ ಆಯುರ್ವೇದ ಕಂಪನಿಗಳಿಂದ ಬೇಡಿಕೆ ಪಡೆದಿದೆ. ಒಣಗಿಸುವುದು, ತೂಗುವುದು, ಚೀಲ ಕಟ್ಟುವುದು, ಬಿಲ್ ಬರೆಯುವುದು ಅವರಿಗೆ ಈಗಾಗಲೇ ಗೊತ್ತು. ಯಂತ್ರದ ಮಾಲೀಕತ್ವ ಅಂಥ ಗುಂಪಿನ ಹೆಸರಿನಲ್ಲಿ ಇದ್ದರೆ ಒಂದು ದಾರಿ. ಹಳೆಯ ಮುಕದ್ದಮನೇ ಸಬ್ಸಿಡಿಯಲ್ಲಿ ಸ್ಕ್ರೂ ಪ್ರೆಸ್ ತಂದು, ಅದೇ ಜನಕ್ಕೆ ಅದೇ ಬಯಾಣಾ ಕೊಟ್ಟು ಊರಲ್ಲೇ ಕೂರಿಸಿದರೆ ಟೆಂಪೋ ಬಾಡಿಗೆ ಉಳಿಯಿತು, ಅಷ್ಟೇ. ಇದ್ದಿಲನ್ನು ಕಿಲೋ ಲೆಕ್ಕದಲ್ಲಿ ತೂಗಿ ಆ ಸಂಜೆಯೇ ಹಣ ಕೊಡುವಷ್ಟು ದುಡಿಯುವ ಬಂಡವಾಳ ಗುಂಪಿನ ಖಾತೆಯಲ್ಲಿ ಇರಬೇಕು, ಬ್ಯಾಂಕು ಯಂತ್ರಕ್ಕೆ ಸಾಲ ಕೊಡುವಷ್ಟು ಸಲೀಸಾಗಿ ಇದಕ್ಕೆ ಕೊಡುವುದಿಲ್ಲ. ನವೆಂಬರಿನಲ್ಲಿ ಮುಕದ್ದಮ ಬಾಗಿಲಿಗೆ ಬಂದು ನಿಂತಾಗ ಅವನ ಮುಂಗಡದ ನೋಟಿಗೆ ಎದುರಾಗಿ ನಿಲ್ಲಬೇಕಾದದ್ದು ಆ ಹಣ.